ಅಕ್ಕನೋ ತಮ್ಮನೋ, ಇಬ್ಬರೇ ಊಟಕ್ಕೂ ಆಟಕ್ಕೂ ಹೋಗಿಬರುವುದು ಹೇಗೆ? ಮಂಗಳೂರು ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಊರಲ್ಲಿ ಒಡಹುಟ್ಟಿದವರು ಭೇಟಿಯಾಗುವುದಕ್ಕೆ ಕಾರಣಗಳಿಗೇನೂ ಕಡಿಮೆ ಇಲ್ಲ. ಮದುವೆ, ಗೃಹಪ್ರವೇಶ, ಕೋಲ, ಚೌತಿ ಎಂದು ವರ್ಷವಿಡೀ ಒಂದಲ್ಲ ಒಂದು ಇದ್ದೇ ಇರುತ್ತದೆ. ಆದರೆ ಅಲ್ಲೆಲ್ಲ ಮಾತು ಎಂದರೆ "ಊಟ ಆಯ್ತಾ?", "ಮಗಳು ಎಷ್ಟನೇ ಕ್ಲಾಸು?" ಅಷ್ಟೆ. ಇಬ್ಬರೇ ಕೂತು ಅರ್ಧ ಗಂಟೆ ಮಾತಾಡಿದ್ದು ಯಾವಾಗ ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಅದಕ್ಕೆಂದೇ ಒಂದು ಸಂಜೆ ಎತ್ತಿಟ್ಟವರೂ ಮಾಲ್‌ಗೆ ಹೋಗಿ ಸಿನಿಮಾ ನೋಡಿ, ಅಲ್ಲೇ ಮೇಲಿನ ಫುಡ್ ಕೋರ್ಟಿನಲ್ಲಿ ಎಂತದ್ದೋ ತಿಂದು ಮನೆಗೆ ಬರುತ್ತಾರೆ. ಮೂರು ಗಂಟೆ ಕತ್ತಲೆಯಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೆ ಅಕ್ಕ ಯಾಕೆ ಬೇಕು ಎಂಬುದು ನನ್ನ ಪ್ರಶ್ನೆ.

ಹಾಡು, ವಾದ್ಯ, ಕುಣಿತ, ವೇಷ, ಮಾತು ಐದೂ ಒಟ್ಟಿಗೆ ಸಿಗುವ ರಂಗ ನಮ್ಮ ಮನೆಬಾಗಿಲಲ್ಲೇ ಉಂಟು: ಯಕ್ಷಗಾನ, ನಮ್ಮ ಕಡೆಯವರ ಬಾಯಲ್ಲಿ "ಆಟ". ಆಟದ ಬಯಲಿನಲ್ಲಿ ನಡುವೆ ಎದ್ದುಹೋದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಚಹಾ ಕುಡಿದು, ಚರುಮುರಿ ತಿಂದು, ಹರಟಿ ಮತ್ತೆ ಬಂದು ಕೂರಬಹುದು. ಹೋಟೆಲಿನ ಮೇಜಿನ ಮುಂದೆ ಎದುರುಬದುರಾಗಿ ಕೂತಾಗ ಬಾರದ ಮಾತು ಅಕ್ಕಪಕ್ಕ ಕೂತು ರಂಗಸ್ಥಳ ನೋಡುವಾಗ ಬರುತ್ತದೆ. ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ಊಟ, ಸಮಯ, ಸೀಟು ಎಲ್ಲವನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಇಬ್ಬರೇ

ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ. ಹಾಕಿದರೆ ಭಾವ ಬರುತ್ತಾರೆ, ಮಕ್ಕಳು ಬರುತ್ತಾರೆ, ದೊಡ್ಡಮ್ಮನಿಗೂ ಒಂದು ಸೀಟು ಬೇಕಾಗುತ್ತದೆ, ಕೊನೆಗೆ ಇನ್ನೋವಾ ಬಾಡಿಗೆಗೆ ಹಿಡಿಯಬೇಕಾಗುತ್ತದೆ. ಅದೂ ಚಂದವೇ, ಆದರೆ ಅದು ಬೇರೆ ಕಾರ್ಯಕ್ರಮ. ನೇರ ಫೋನ್ ಮಾಡಿ: "ಅಕ್ಕ, ಬರುವ ಶನಿವಾರ ಆಟಕ್ಕೆ ಹೋಗುವನಾ? ನಾವಿಬ್ಬರೇ." ಆ ಕಡೆಯಿಂದ "ಎಂತ ಮಾರಾಯ, ಏನಾದರೂ ವಿಷಯ ಉಂಟಾ?" ಎಂಬ ಅನುಮಾನ ಖಂಡಿತ ಬರುತ್ತದೆ. "ಏನಿಲ್ಲ, ಸುಮ್ಮನೆ" ಎಂದರೆ ಸಾಕು. ಅಮ್ಮನಿಗೆ ಮಾತ್ರ ಮೊದಲೇ ತಿಳಿಸಿಡಿ. ಇಲ್ಲದಿದ್ದರೆ ರಾತ್ರಿ ಹತ್ತು ಗಂಟೆಗೆ ರಭಸದ ಪದ್ಯವೊಂದರ ನಡುವೆ ಫೋನ್ ಬರುತ್ತದೆ.

ಕಾಲ ನೋಡಿಕೊಳ್ಳಿ

ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಪತ್ತನಾಜೆಗೆ ಮುಗಿಯುತ್ತದೆ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಅಂದು ಗೆಜ್ಜೆ ಬಿಚ್ಚಿದರೆ ಬಯಲಾಟಕ್ಕೆ ಮಳೆಗಾಲ ಕಳೆಯುವವರೆಗೆ ಕಾಯಬೇಕು. ಹಾಗೆಂದು ಮಳೆಗಾಲ ಬರಿದಲ್ಲ. ಮಂಗಳೂರಿನ ಪುರಭವನ, ಉಡುಪಿ ಕೃಷ್ಣ ಮಠದ ರಾಜಾಂಗಣದಂಥ ಕಡೆ ಸೂರಿನಡಿ ಆಟ ನಡೆಯುತ್ತದೆ, ವೇಷ–ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯೂ ನಡೆಯುತ್ತದೆ. ಮನೆಮನೆಗೆ ಬರುವ ಚಿಕ್ಕಮೇಳವೂ ಉಂಟು, ಆದರೆ ಅದು ಕೆಲವೇ ನಿಮಿಷದ್ದು.

ನನ್ನನ್ನು ಕೇಳಿದರೆ ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಹೊತ್ತು. ಸೆಕೆ ಇಲ್ಲ, ಮಳೆಯ ಹೆದರಿಕೆ ಇಲ್ಲ. ಏಪ್ರಿಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ಬೆನ್ನು ಅಂಟಿಕೊಂಡಾಗ ಯಾವ ಭಾಗವತರ ಹಾಡೂ ಹಿತವಾಗಿ ಕೇಳುವುದಿಲ್ಲ.

ಯಾವ ಬಗೆಯ ಆಟ

ಮೂರು ದಾರಿ ಉಂಟು.

ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಕಿಲ್ಲ. ಯಾರದ್ದೋ ಮನೆಯ ಸೇವೆ, ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ರಂಗಸ್ಥಳ. ಕಟೀಲು ಮೇಳದ ಆಟವಾದರೆ ಆ ಮನೆಯವರು ವರ್ಷಗಟ್ಟಲೆ ಸರದಿ ಕಾದಿರುತ್ತಾರೆ, ಊರಿಗೆಲ್ಲ ಊಟ ಹಾಕುತ್ತಾರೆ. ಡೇರೆ ಮೇಳದ ಆಟಕ್ಕೆ ಟಿಕೆಟ್ ಉಂಟು, ಕುರ್ಚಿಯಲ್ಲಿ ವರ್ಗ ಉಂಟು. ಸಾಲಿಗ್ರಾಮ, ಪೆರ್ಡೂರು ಮೇಳಗಳ ಹೆಸರು ಇದರಲ್ಲಿ ಮೊದಲು ಬರುತ್ತದೆ. ಮೂರನೆಯದು ಸಭಾಂಗಣದ ಆಟ: ಫ್ಯಾನು, ಮೆತ್ತನೆಯ ಸೀಟು, ಶೌಚಾಲಯ ಎಲ್ಲ ಉಂಟು, ಸಮಯಕ್ಕೆ ಮುಗಿಯುತ್ತದೆ.

ಒಡಹುಟ್ಟಿದವರಲ್ಲಿ ಒಬ್ಬರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ವರ್ಷಗಳ ನಂತರ ಆಟ ನೋಡುವವರಾದರೆ ಬಯಲಾಟವೇ ಸರಿ. ಸೊಂಟನೋವು, ಬಸುರಿ, ಹಸಿ ಬಾಣಂತಿತನ ಇಂಥದ್ದೇನಾದರೂ ಇದ್ದರೆ ಸಂಕೋಚವಿಲ್ಲದೆ ಸಭಾಂಗಣ ಆರಿಸಿ.

ತಿಟ್ಟಿನ, ಅಂದರೆ ಸೀಮೆಗೊಂದರಂತೆ ಇರುವ ಆಟದ ಶೈಲಿಯ, ವಿಷಯವನ್ನೂ ಹೇಳಿಬಿಡುತ್ತೇನೆ. ಮಂಗಳೂರಿನ ಸುತ್ತ ತೆಂಕುತಿಟ್ಟು, ಬ್ರಹ್ಮಾವರ ದಾಟಿ ಕುಂದಾಪುರದ ಕಡೆಗೆ ಬಡಗುತಿಟ್ಟು. ತೆಂಕಿನಲ್ಲಿ ಚೆಂಡೆಯ ಅಬ್ಬರ, ಗಿರಗಿರ ಸುತ್ತಿ ಹಾರುವ ಧೀಂಗಿಣ, ರಾಕ್ಷಸ ಪಾತ್ರಗಳ ಬಣ್ಣದ ವೇಷದ ಭವ್ಯತೆ. ಬಡಗಿನಲ್ಲಿ ಮುಂಡಾಸು, ಚೌಕುಳಿಯ ಕಸೆ ಸೀರೆ, ಮಂಡಿಕುಣಿತ. ಅಕ್ಕನನ್ನು ಕುಂದಾಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರೆ ಯಾವುದು ಮೇಲು ಎಂಬ ವಾದ ಕಾರಿನಲ್ಲೇ ಶುರುವಾಗುತ್ತದೆ. ಆಗಲಿ ಬಿಡಿ, ಮೌನಕ್ಕಿಂತ ಅದು ಒಳ್ಳೆಯದು.

ಎಲ್ಲಿ ಯಾವ ಆಟ ಎಂದು ತಿಳಿಯಲು ಪತ್ರಿಕೆಯ ಸ್ಥಳೀಯ ಪುಟ ನೋಡಿ, ಆ ದಿನದ ಯಕ್ಷಗಾನಗಳ ಪಟ್ಟಿ ಅಲ್ಲಿರುತ್ತದೆ. ವಾಟ್ಸಾಪಿನಲ್ಲಿ ಓಡಾಡುವ ಕರಪತ್ರವನ್ನು ನಂಬುವ ಮುನ್ನ ತಾರೀಕಿನ ಜೊತೆ ಇಸವಿಯನ್ನೂ ಓದಿ. ಹಳೆಯ ಕರಪತ್ರಗಳಿಗೆ ನಮ್ಮಲ್ಲಿ ಸಾವಿಲ್ಲ.

ಪ್ರಸಂಗ ಆರಿಸುವುದು

ಆಡುವ ಕಥೆಗೆ ಪ್ರಸಂಗ ಎನ್ನುತ್ತಾರೆ, ಹೆಚ್ಚಿನವರು ಅದನ್ನು ಆರಿಸುವುದನ್ನೇ ಬಿಟ್ಟುಬಿಡುತ್ತಾರೆ. ಆಟ ಎಂದರೆ ಆಟ, ಯಾವುದಾದರೂ ಆದೀತು ಎಂಬ ಭಾವ. ಆದರೆ ಒಡಹುಟ್ಟಿದವರ ಜೊತೆ ಕೂತು ನೋಡುವುದಕ್ಕೆಂದೇ ಹೇಳಿ ಮಾಡಿಸಿದಂಥ ಪ್ರಸಂಗಗಳಿವೆ.

ಎಲ್ಲಕ್ಕಿಂತ ಮೊದಲು ಕೃಷ್ಣಾರ್ಜುನ ಕಾಳಗ. ಗಯನೆಂಬ ಗಂಧರ್ವನನ್ನು ಕೊಲ್ಲುತ್ತೇನೆಂದು ಕೃಷ್ಣನ ಪ್ರತಿಜ್ಞೆ, ಅವನನ್ನು ಕಾಯುತ್ತೇನೆಂದು ಅರ್ಜುನನ ಅಭಯ. ನಡುವೆ ಸಿಕ್ಕಿಬಿದ್ದವಳು ಸುಭದ್ರೆ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಗಂಡ. ಅವಳು ಅಣ್ಣನನ್ನು ಒಪ್ಪಿಸಲು ಬರುವ ಭಾಗಕ್ಕೆ ಗಟ್ಟಿ ಕಲಾವಿದರಿಬ್ಬರು ಸಿಕ್ಕಿದರೆ ದ್ವಾರಕೆ ಮರೆತುಹೋಗಿ ನಮ್ಮದೇ ಮನೆಯ ಜಗಲಿಯ ಮಾತು ಕೇಳಿದಂತಾಗುತ್ತದೆ. ಕೊಟ್ಟ ಹೆಣ್ಣಿಗೆ ತವರಿನಲ್ಲಿ ಎಷ್ಟು ಮಾತು ನಡೆಯುತ್ತದೆ, ಅಣ್ಣನ ಹಠಕ್ಕೆ ತಂಗಿ ಯಾಕೆ ತಲೆಬಾಗಬೇಕು ಎಂಬುದನ್ನೆಲ್ಲ ಸುಭದ್ರೆ ಕೇಳಿಬಿಡುತ್ತಾಳೆ. ಪಕ್ಕದಲ್ಲಿ ಕೂತ ತಂಗಿ ಮೊಣಕೈಯಿಂದ ತಿವಿದರೆ ಅರ್ಥ ಮಾಡಿಕೊಳ್ಳಿ.

ಪಂಚವಟಿಯಲ್ಲಿ ಶೂರ್ಪನಖಿ ನಗಿಸುತ್ತಾಳೆ, ಕೆಲಸ ಕೆಟ್ಟ ಮೇಲೆ ಅಣ್ಣಂದಿರಿಗೆ ದೂರು ಕೊಡಲು ಓಡುತ್ತಾಳೆ. ಇದು ನಿಮ್ಮ ಮನೆಯಲ್ಲೂ ನಡೆದದ್ದೇ ಅಲ್ಲವಾ? ಕೃಷ್ಣಲೀಲೆ–ಕಂಸವಧೆಯಲ್ಲಿ ತಂಗಿಯ ದಿಬ್ಬಣದ ರಥವನ್ನು ಅಣ್ಣನೇ ಪ್ರೀತಿಯಿಂದ ಹೊಡೆಯುತ್ತಿರುವಾಗ ಆಕಾಶವಾಣಿ ಆಗುತ್ತದೆ. ಅಣ್ಣ–ತಮ್ಮ ಇಬ್ಬರೂ ಗಂಡಸರಾದರೆ ವಾಲಿ–ಸುಗ್ರೀವರದ್ದು ಉಂಟು, ಆದರೆ ಜಾಗದ ಪಾಲಿನ ತಕರಾರು ಹಸಿಯಾಗಿದ್ದರೆ ಅದರ ಬಳಿ ಸುಳಿಯಬೇಡಿ. ಅಂಥವರು ಮಳೆಗಾಲದಲ್ಲಿ ಭರತಾಗಮನದ ತಾಳಮದ್ದಳೆಗೆ ಹೋಗಲಿ. ಸಿಂಹಾಸನ ನಿನಗೇ ಇರಲಿ ಎಂದು ಇಬ್ಬರೂ ಹಟ ಹಿಡಿಯುವುದನ್ನು ಕೇಳಿ ಬಂದರೆ ಕಂದಾಯ ಇಲಾಖೆಯ ಕಾಗದಪತ್ರ ಸ್ವಲ್ಪ ಹಗುರಾದೀತು. ತುಳು ಪ್ರಸಂಗ ಇಷ್ಟವಿದ್ದರೆ ಕೋಟಿ–ಚೆನ್ನಯ: ತಮ್ಮಂದಿರಿಬ್ಬರೂ ಅಕ್ಕ ಕಿನ್ನಿದಾರುವಿನ ಮನೆ ಸೇರುವ ಸನ್ನಿವೇಶಕ್ಕೆ ಕಣ್ಣು ಒರೆಸಿಕೊಳ್ಳದ ಅಕ್ಕಂದಿರು ಕಡಿಮೆ.

ಶ್ರೀದೇವಿ ಮಹಾತ್ಮೆಯ ಮಾತೇ ಬೇರೆ. ಕಥೆಯಲ್ಲಿ ಅಕ್ಕ–ತಂಗಿಯ ಗೊಡವೆ ಇಲ್ಲ, ಆದರೂ ಬಾಲ್ಯದಲ್ಲಿ ಒಟ್ಟಿಗೆ ಹೆದರಿದ ನೆನಪು ಇರುವುದು ಇದರದ್ದೇ. ಮಹಿಷಾಸುರ ದೊಂದಿಯ ಬೆಂಕಿಯೊಂದಿಗೆ ಜನರ ನಡುವಿನಿಂದ ಆರ್ಭಟಿಸುತ್ತ ಬರುವಾಗ ಚಾಪೆಯಲ್ಲಿ ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ನೀವು ಹೆದರಿ ಯಾರ ಸೆರಗಿನೊಳಗೆ ಹೊಕ್ಕಿದ್ದಿರಿ ಎಂಬುದು ನಿಮ್ಮ ಅಕ್ಕನಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.

ಊಟ ಯಾವಾಗ, ಎಲ್ಲಿ, ಎಂತ

ರಾತ್ರಿಯಿಡೀ ಆಟ ಇದ್ದ ಕಾಲದಲ್ಲಿ ಮನೆಯಲ್ಲೇ ಉಂಡು ನಿಧಾನಕ್ಕೆ ಹೊರಡುತ್ತಿದ್ದರು. ಈಗ ಕಾಲಮಿತಿಯ ಆಟ ಹೆಚ್ಚು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಧ್ವನಿವರ್ಧಕದ ನಿಯಮವೂ ಇದಕ್ಕೊಂದು ಕಾರಣ. ಸಂಜೆಯೇ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುವ ಆಟಕ್ಕೆ ಹೋಗುವುದಾದರೆ ಊಟ ಸರಿಯಾಗಿ ನಡುವೆ ಬಂದು ಬೀಳುತ್ತದೆ. ಆದ್ದರಿಂದ ಸಂಜೆ ಐದು, ಐದೂವರೆಗೆ ತಿಂಡಿ, ಆಮೇಲೆ ಊಟ ಎಂದು ಎರಡು ಪಾಲು ಮಾಡಿಕೊಳ್ಳಿ.

ತಿಂಡಿ ಹಗುರಾಗಿರಲಿ: ಗೋಳಿಬಜೆ, ಬನ್ಸ್, ಒಂದು ಫಿಲ್ಟರ್ ಕಾಫಿ. ಉಡುಪಿಯಲ್ಲಾದರೆ ರಥಬೀದಿಯ ಮಿತ್ರ ಸಮಾಜದಲ್ಲಿ ಮುಗಿಸಿ, ಕೃಷ್ಣನಿಗೆ ಕೈಮುಗಿದು, ಹಿಂದೆಯೇ ಇರುವ ರಾಜಾಂಗಣಕ್ಕೆ ನಡೆದು ಹೋಗಬಹುದು. ವಾಹನ ತೆಗೆಯುವ ರಗಳೆಯೇ ಇಲ್ಲ.

ಬಯಲಾಟವಾದರೆ ಊಟ ಅಲ್ಲೇ. ಪರಿಚಯವಿಲ್ಲದ ಮನೆಯಲ್ಲಿ ಉಣ್ಣುವುದು ಹೇಗೆ ಎಂದು ಪೇಟೆಯಲ್ಲಿ ಬೆಳೆದವರಿಗೆ ಮುಜುಗರ. ಬೇಡ. ಸೇವೆಯಾಟದ ಊಟ ಪ್ರಸಾದ, ಬಂದವರು ಉಣ್ಣಬೇಕೆಂಬುದೇ ಮನೆಯವರ ಆಸೆ. "ಊಟ ಮಾಡಿಯೇ ಹೋಗಿ" ಎಂದು ಯಾರೋ ಹಿರಿಯರು ಕೈ ಹಿಡಿದು ಪಂಕ್ತಿಗೆ ಕಳಿಸುತ್ತಾರೆ. ಕುಚ್ಚಲಕ್ಕಿ ಅನ್ನ, ಸಾರು, ಸಾಂಬಾರು, ಒಂದು ಪಲ್ಯ, ಪಾಯಸ. ಮುಖ್ಯ ವೇಷಗಳು ರಂಗಕ್ಕೆ ಬರುವ ಮೊದಲೇ, ಪೂರ್ವರಂಗ ನಡೆಯುವಾಗ ಉಂಡುಬಿಡಿ. ತಡವಾದರೆ ಸಾಲು ಉದ್ದವಾಗುತ್ತದೆ, ಒಳ್ಳೆಯ ಪದ್ಯ ಕೈತಪ್ಪುತ್ತದೆ.

ಪುರಭವನದ ಆಟವಾದರೆ ಲೆಕ್ಕ ತಿರುಗಿಸಿ, ಆಟ ಮುಗಿಸಿ ಊಟಕ್ಕೆ ಹೋಗಿ. ಹಂಪನಕಟ್ಟೆ, ರಥಬೀದಿ, ಕೊಡಿಯಾಲಬೈಲು ಎಲ್ಲ ಹತ್ತಿರವೇ. ಮೀನು ತಿನ್ನುವವರಾದರೆ ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ನೀರುದೋಸೆ ಜೊತೆ ಕೋರಿ ಗಸಿ. ಮೊದಲೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮೀನು ಅಷ್ಟು ಹೊತ್ತಿಗೆ ಇರುತ್ತದಾ. ಹೋಟೆಲ್ ತೆರೆದಿದ್ದು ಕಾಣೆ ಖಾಲಿಯಾಗುವುದು ಮಂಗಳೂರಿನಲ್ಲಿ ಹೊಸತಲ್ಲ. ಟೇಬಲ್ ಬುಕ್ ಆಗುವುದಾದರೆ ಆಟ ಮುಗಿಯುವ ಹೊತ್ತಿಗಿಂತ ಅರ್ಧ ಗಂಟೆ ತಡವಾಗಿ ಹೇಳಿ. ಭಾಗವತರು ಮಂಗಳಪದ ಹಾಡುವಾಗ ಗಡಿಯಾರ ನೋಡುತ್ತ ಕೂರುವುದು ಚಂದವಲ್ಲ.

ಒಂದು ಸೂಕ್ಷ್ಮ ಉಂಟು. ದೇವಿ ಮಹಾತ್ಮೆ ನೋಡಲು ಹೋಗುವ ದಿನ ಮೀನು–ಮಾಂಸ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ. ನೀವು ಬಿಟ್ಟಿದ್ದರೂ ಅಕ್ಕ ಪಾಲಿಸುತ್ತಿರಬಹುದು. ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿದ ಮೇಲೆ ಅವಳು ಮೊಸರನ್ನ ಹೇಳುವುದಕ್ಕಿಂತ ಮೊದಲೇ ಕೇಳಿಟ್ಟುಕೊಳ್ಳಿ.

ಐಸ್‌ಕ್ರೀಮಿಗೆ ಜಾಗ ಬಿಡಿ. 1975ರಲ್ಲಿ ಶುರುವಾದ ಐಡಿಯಲ್ ಮಂಗಳೂರಿನವರಿಗೆ ಹೇಳಬೇಕಾದ ಹೆಸರಲ್ಲ. ಗಡ್‌ಬಡ್ ಉಡುಪಿಯದೋ ಮಂಗಳೂರಿನದೋ ಎಂಬ ಜಗಳಕ್ಕೆ ಎರಡು ಚಮಚ ಹಾಕಿದ ಒಂದೇ ಗ್ಲಾಸು ಸಾಕು.

ಚೀಲದಲ್ಲಿ ಏನಿರಬೇಕು

ಬಯಲಾಟಕ್ಕೆ ಒಂದು ಶಾಲು, ತಲೆಗೆ ಮಫ್ಲರ್ ಅಥವಾ ಬೈರಾಸು, ನೀರಿನ ಬಾಟಲಿ, ಮಡಚುವ ಚಾಪೆ. ಚಿಲ್ಲರೆ ಹಣ ಬೇಕೇ ಬೇಕು, ಗದ್ದೆಯ ನಡುವೆ ನೆಟ್‌ವರ್ಕ್ ಇಲ್ಲದಿದ್ದರೆ ಚರುಮುರಿಯವರ ಕ್ಯೂಆರ್ ಕೋಡ್ ಬರೀ ಚಿತ್ರ. ಟಾರ್ಚು ಬೇಡ, ಮೊಬೈಲ್ ಸಾಕು.

ಸ್ಥಳದಲ್ಲಿ

ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಆಟ ಉಂಟೆಂದು ಊರಿಗೆ ಸಾರುವ ಚೆಂಡೆಯ ಬಡಿತ, ನಮ್ಮ ಮಾತಿನಲ್ಲಿ "ಕೇಳಿ", ದೂರದಿಂದ ಕಿವಿಗೆ ಬೀಳಬೇಕು, ಆಗಲೇ ಆಟಕ್ಕೆ ಬಂದಂತೆ. ಮಂಗಳೂರಿನಿಂದ ಕಟೀಲಿನ ಕಡೆ ಹೋಗುವವರು ಕಾವೂರು–ಬಜ್ಪೆ ದಾರಿಯನ್ನೋ ಮುಲ್ಕಿ–ಕಿನ್ನಿಗೋಳಿ ದಾರಿಯನ್ನೋ ಹಿಡಿಯಬಹುದು. ಸಂಜೆ ಕೂಳೂರು ಸೇತುವೆ, ನಂತೂರಿನ ಟ್ರಾಫಿಕ್ ನಿಮ್ಮ ಅರ್ಧ ಗಂಟೆ ತಿನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಹೋಗಿ. ಚಪ್ಪಲಿ ಹೊರಗೆ ಬಿಟ್ಟು, ದೇವರಿಗೆ ಕೈಮುಗಿದು, ಬದಿಯಲ್ಲಿ ನಿಲ್ಲಿ. ಸಾಲಾಗಿ ಪೆಟ್ಟಿಗೆಗಳು, ಪೆಟ್ಟಿಗೆಗೆ ಒರಗಿಸಿದ ಕನ್ನಡಿ, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಕಲಾವಿದರು. ಬಣ್ಣದ ವೇಷದವರನ್ನು ಹುಡುಕಿ ನೋಡಿ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಬೊಟ್ಟಾಗಿ ಕೆನ್ನೆಯ ಮೇಲೆ ಇಡುತ್ತ ಹೋಗುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆಯ ಕೆಲಸ. ಮುಖ ಅಲುಗಿಸಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಅವರನ್ನು ಮಾತಾಡಿಸಬಾರದು, ನಗಿಸಲಂತೂ ಬಾರದು. ಸ್ತ್ರೀವೇಷದವರು ಸೀರೆ ಉಡುವುದನ್ನು ನೋಡಿ "ನನಗಿಂತ ಚಂದ ನೆರಿಗೆ ಹಿಡಿದಿದ್ದಾರೆ" ಎಂದು ಅಕ್ಕಂದಿರು ಹೇಳಿಯೇ ಹೇಳುತ್ತಾರೆ. ಸೆಲ್ಫಿಗೆ ಕೇಳದೆ ಕೈ ಎತ್ತಬೇಡಿ. ಕಿರೀಟ ಕಟ್ಟಿ ಆದ ಮೇಲಂತೂ ದೂರ ಇರಿ, ಆ ಹೊತ್ತಿಗೆ ಅವರು ಪಾತ್ರದೊಳಗೆ ಇಳಿಯುತ್ತಿರುತ್ತಾರೆ.

ಸೀಟು ಹಿಡಿಯುವುದರಲ್ಲಿ ಜನ ಮಾಡುವ ತಪ್ಪು ಮೊದಲ ಸಾಲಿಗೆ ಓಡುವುದು. ಮೊದಲ ಸಾಲಿನಲ್ಲಿ ಮಾತಾಡಿದರೆ ವೇಷಧಾರಿಗೂ ಕೇಳಿಸುತ್ತದೆ, ಹಾಸ್ಯಗಾರ ನಿಮ್ಮನ್ನೇ ಹಿಡಿದುಕೊಂಡರೆ ಮುಗಿಯಿತು. ಧ್ವನಿವರ್ಧಕದ ಪೆಟ್ಟಿಗೆಯ ಎದುರೂ ಬೇಡ. ನಡುವಿನ ಸಾಲುಗಳಲ್ಲಿ ಅಂಚಿನ ಎರಡು ಕುರ್ಚಿ ಹಿಡಿಯಿರಿ. ಹಾಡುವ, ನುಡಿಸುವ ಹಿಮ್ಮೇಳ ಕಾಣುತ್ತದೆ, ಯಾರ ಕಾಲೂ ತುಳಿಯದೆ ಎದ್ದು ಹೋಗಬಹುದು.

ನೋಡುವ ಕ್ರಮ ಗೊತ್ತಿಲ್ಲದ ತಮ್ಮನೋ ತಂಗಿಯೋ ಜೊತೆಗಿದ್ದರೆ ಇಷ್ಟು ಹೇಳಿಕೊಡಿ: ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾರೆ, ಕುಣಿತ ನಿಂತ ಮೇಲೆ ಅದೇ ಪದ್ಯದ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಮಾತು ಅಲ್ಲೇ ಹುಟ್ಟಬೇಕು. ಆದ್ದರಿಂದ ನಿನ್ನೆ ನೋಡಿದ ಪ್ರಸಂಗ ಇವತ್ತು ಅದೇ ಆಗಿರುವುದಿಲ್ಲ. ಸುಭದ್ರೆ ಒಂದು ಹೊಸ ಪ್ರಶ್ನೆ ಎಸೆದರೆ ಕೃಷ್ಣ ನಿಂತಲ್ಲೇ ಉತ್ತರ ಹುಡುಕಬೇಕು, ಸಭೆ ಉಸಿರು ಹಿಡಿದಿರುತ್ತದೆ. ಮದ್ದಳೆ ಮಾತ್ರ ನುಡಿಯುವಾಗ ಶೃಂಗಾರವೋ ದುಃಖವೋ ಇದ್ದೀತು. ಚೆಂಡೆ ಏರತೊಡಗಿದರೆ ಚಹಾಕ್ಕೆ ಹೋದವರು ಓಡಿ ಬರಬೇಕು.

ಬಣ್ಣದ ವೇಷದ ಪ್ರವೇಶದ ಹೊತ್ತಿಗೆ ಮಾತ್ರ ಎಲ್ಲಿದ್ದರೂ ಕುರ್ಚಿಗೆ ಬನ್ನಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಕಿರೀಟದ ತುದಿ, ಆಮೇಲೆ ತೆರೆಯ ಅಂಚು ಹಿಡಿದ ಬೆರಳುಗಳು. ತೆರೆ ಸ್ವಲ್ಪ ಇಳಿಯುತ್ತದೆ, ಎರಡು ಕಣ್ಣು ಕಾಣುತ್ತವೆ, ಮತ್ತೆ ಮೇಲೆ. ಚೆಂಡೆಯವರು ಕಾಯಿಸುತ್ತಲೇ ಇರುತ್ತಾರೆ. ಪೂರ್ತಿ ಮುಖ ತೋರಿಸುವಷ್ಟರಲ್ಲಿ ಸಭೆ ಶಿಳ್ಳೆ ಹೊಡೆಯಲು ಶುರುಮಾಡಿರುತ್ತದೆ. ನೀವೂ ಹೊಡೆಯಿರಿ.

ಮಾತಿಗೆ ಜಾಗ

ಚರುಮುರಿಯ ಗಾಡಿ ಯೋಜನೆಯ ಮುಖ್ಯ ಭಾಗ. ಮಂಡಕ್ಕಿಗೆ ಹಚ್ಚಿದ ನೀರುಳ್ಳಿ, ಟೊಮೆಟೊ, ಮೆಣಸಿನ ಪುಡಿ, ಮೇಲೆ ಒಂದು ಧಾರೆ ತೆಂಗಿನೆಣ್ಣೆ ಹಾಕಿ ಡಬ್ಬಿಯಲ್ಲಿ ಟಕಟಕ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಎರಡು ಪೊಟ್ಟಣ ತೆಗೆದುಕೊಂಡು, ರಂಗಸ್ಥಳ ಕಾಣುವಷ್ಟು ದೂರದಲ್ಲಿ ಗದ್ದೆಯ ಹುಣಿಯ ಮೇಲೆ ಕೂತುಬಿಡಿ. ಅಪ್ಪನ ಶುಗರ್, ಅಮ್ಮನ ಮೊಣಕಾಲು, ಹಳೆಯ ಮನೆಯನ್ನು ಎಂತ ಮಾಡುವುದು ಎಂಬ ವಿಷಯಗಳನ್ನು ಊಟದ ಪಂಕ್ತಿಯಲ್ಲಿ ಎತ್ತಬೇಡಿ, ಇಲ್ಲಿ ಎತ್ತಿ. ಮಾತು ಬಿಸಿಯಾದರೆ "ಏ, ಪದ್ಯ ಶುರುವಾಯ್ತು" ಎಂದು ಎದ್ದು ಹೋಗಬಹುದು. ಈ ಅನುಕೂಲ ಬೇರೆ ಯಾವ ಜಾಗದಲ್ಲಿ ಸಿಗುತ್ತದೆ ಹೇಳಿ.

ರೆಕಾರ್ಡಿಂಗ್ ಮಾಡುತ್ತ ಕೂರಬೇಡಿ. ನಾಳೆ ಯೂಟ್ಯೂಬಿನಲ್ಲಿ ನಿಮ್ಮದಕ್ಕಿಂತ ಚೆನ್ನಾಗಿ ಯಾರಾದರೂ ಹಾಕಿರುತ್ತಾರೆ.

ಖರ್ಚು, ವಾಪಸು

ದುಡ್ಡಿನ ವಿಷಯಕ್ಕೆ ಹೋಟೆಲಿನಲ್ಲಿ ಬಿಲ್ಲು ಎಳೆದಾಡುವ ನಾಟಕ ಬೇಡ. ದೊಡ್ಡವರು ಊಟದ ಬಿಲ್ಲು ಕೊಡಲಿ, ಚಿಕ್ಕವರು ಪೆಟ್ರೋಲ್, ಟಿಕೆಟ್, ಐಸ್‌ಕ್ರೀಮ್ ನೋಡಿಕೊಳ್ಳಲಿ. ಸೇವೆಯಾಟದಲ್ಲಿ ಉಂಡಿದ್ದರೆ ಆರತಿ ತಟ್ಟೆಗೆ ಇಬ್ಬರೂ ಬೇರೆ ಬೇರೆ ಕಾಣಿಕೆ ಹಾಕಿ, ಹೊರಡುವಾಗ ಮನೆಯವರಿಗೆ ಒಂದು ಮಾತು ಹೇಳಿ ಹೊರಡಿ.

ತಡರಾತ್ರಿ ಬಸ್ಸನ್ನು ನಂಬಬೇಡಿ. ಸ್ವಂತ ವಾಹನ ಇಲ್ಲದಿದ್ದರೆ ಹೋಗುವಾಗಲೇ ರಿಕ್ಷಾದವರ ಹತ್ತಿರ ವಾಪಸಿನ ಮಾತು ಮುಗಿಸಿ, ನಂಬರ್ ತೆಗೆದುಕೊಳ್ಳಿ. ಒಳರಸ್ತೆಗಳಲ್ಲಿ ಆ ಹೊತ್ತಿಗೆ ಆ್ಯಪಿನ ಟ್ಯಾಕ್ಸಿ ಬರುವುದು ಕಷ್ಟ. ಸ್ಕೂಟರಿನಲ್ಲಿ ಬಂದಿದ್ದರೆ ಚಳಿಗಾಲದ ಮಂಜಿಗೆ ಹೆಲ್ಮೆಟ್ ಗಾಜು ಮಸುಕಾಗುತ್ತದೆ, ಒರೆಸಲು ಒಂದು ಬಟ್ಟೆ ಇರಲಿ. ಕಾರಾದರೆ ಪಕ್ಕದ ಸೀಟಿನವರು ನಿದ್ದೆ ಮಾಡುವಂತಿಲ್ಲ, ಸುಭದ್ರೆ ಗೆದ್ದಳೋ ಸೋತಳೋ ಎಂದು ವಾದ ಮಾಡುತ್ತ ಓಡಿಸುವವರನ್ನು ಎಚ್ಚರವಿಡಬೇಕು. ಕಣ್ಣು ಎಳೆಯುತ್ತಿದ್ದರೆ ಗಾಡಿ ಬದಿಗೆ ಹಾಕಿ ಮುಖ ತೊಳೆದುಕೊಳ್ಳಿ, ಇಲ್ಲವೇ ಅಕ್ಕನ ಮನೆ ಹತ್ತಿರವಿದ್ದರೆ ಅಲ್ಲೇ ಚಾಪೆ ಹಾಕಿಸಿಕೊಳ್ಳಿ. ಭಾವನಿಗೆ ಸಂಜೆಯೇ ಒಂದು ಮೆಸೇಜ್ ಹಾಕಿಟ್ಟರೆ ಗೇಟಿನ ಬೀಗ ತೆಗೆದಿಟ್ಟಿರುತ್ತಾರೆ.